ಮೇಲ್ಮನವಿ ಇತ್ಯರ್ಥವಾಗುವವರೆಗೆ ಜಮೀನು ವಿಭಾಗಕ್ಕೆ ತಡೆ: ವರ್ತಕರು ಅರಿತಿರಬೇಕಾದ ಸಂಗತಿಗಳು

ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯಂತಹ ತೆಂಗು, ಅಡಿಕೆ, ರಾಗಿ ಬೆಳೆಯುವ ಪ್ರದೇಶದಲ್ಲಿ ವ್ಯಾಪಾರಕ್ಕೂ ಜಮೀನಿಗೂ ಇರುವ ನಂಟು ನಿಕಟವಾದದ್ದು. ಕೊಬ್ಬರಿ ದಾಸ್ತಾನಿಗೆ ಗೋದಾಮು, ತೆಂಗಿನ ನಾರಿನ ಘಟಕಕ್ಕೆ ಒಣಗಿಸುವ ಬಯಲು, ಹಿಟ್ಟಿನ ಗಿರಣಿಗೆ ಕಟ್ಟಡ, ಲಾರಿಗಳ ನಿಲುಗಡೆಗೆ ಜಾಗ ಇವೆಲ್ಲಕ್ಕೂ ರಸ್ತೆಯ ಅಂಚಿನ ಒಂದೆರಡು ಎಕರೆ ಬೇಕಾಗುತ್ತದೆ. ಆ ಒಂದೆರಡು ಎಕರೆ ಬಹುತೇಕ ಸಂದರ್ಭಗಳಲ್ಲಿ ಯಾವುದೋ ಒಂದು ಕುಟುಂಬದ ಪಿತ್ರಾರ್ಜಿತ ಸ್ವತ್ತಿನ ಭಾಗವಾಗಿರುತ್ತದೆ. ಕುಟುಂಬದಲ್ಲಿ ಪಾಲಿನ ವ್ಯಾಜ್ಯವಿದೆ ಎಂದು ತಿಳಿದಾಗ ಖರೀದಿಗೆ ಮುಂದಾದ ವರ್ತಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಕೋರ್ಟಿನಿಂದ ಸ್ಟೇ ಇದೆಯೇ?" ಇಲ್ಲವೆಂಬ ಉತ್ತರ ಬಂದರೆ ಮುಂಗಡ ಹಣ ಕೈ ಬದಲಾಯಿಸುತ್ತದೆ.

ಈ ಪ್ರಶ್ನೆ ತಪ್ಪಲ್ಲ, ಆದರೆ ಸಾಲದು. ತಡೆಯಾಜ್ಞೆ ಇದ್ದರೆ ಏನಾಗುತ್ತದೆ ಎಂಬುದಕ್ಕಿಂತ, ತಡೆಯಾಜ್ಞೆ ಇಲ್ಲದೆ ಮೇಲ್ಮನವಿ ಮಾತ್ರ ಬಾಕಿ ಇದ್ದರೆ ಏನಾಗುತ್ತದೆ ಎಂಬ ವಿಷಯದಲ್ಲಿಯೇ ಹೆಚ್ಚಿನ ನಷ್ಟಗಳು ಸಂಭವಿಸುತ್ತವೆ. ಆದ್ದರಿಂದ ಈ ಎರಡೂ ಸ್ಥಿತಿಗಳನ್ನು ಪ್ರತ್ಯೇಕವಾಗಿ ಅರಿತುಕೊಳ್ಳುವುದು ಅಗತ್ಯ.

ಒಂದು ಉದಾಹರಣೆ

ವಿಷಯದ ಸ್ಪಷ್ಟತೆಗಾಗಿ ಒಂದು ಕಾಲ್ಪನಿಕ ಪ್ರಸಂಗವನ್ನು ತೆಗೆದುಕೊಳ್ಳಬಹುದು. ಸಿಂಗಟಗೆರೆ ಹೋಬಳಿಯ ಒಂದು ಸರ್ವೆ ನಂಬರಿನಲ್ಲಿ 6 ಎಕರೆ, ಅಂದರೆ 240 ಗುಂಟೆ ಪಿತ್ರಾರ್ಜಿತ ಜಮೀನು ಇದೆ. ತಂದೆ 2001ರಲ್ಲಿ ತೀರಿಕೊಂಡಿದ್ದಾರೆ. ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದಾರೆ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳ ಮದುವೆ 1994ಕ್ಕೂ ಮೊದಲೇ ಆಗಿದೆ. ಅವರು ಸಮಪಾಲು ಕೋರಿ ದಾವೆ ಹೂಡಿದ್ದಾರೆ. ಅಂದು ಜಾರಿಯಲ್ಲಿದ್ದ ತೀರ್ಪುಗಳನ್ನು ಅನುಸರಿಸಿ ವಿಚಾರಣಾ ನ್ಯಾಯಾಲಯ 2017ರಲ್ಲಿ ಪ್ರಾಥಮಿಕ ಡಿಕ್ರಿ ನೀಡಿದೆ. ತಂದೆ ಹಾಗೂ ಮೂವರು ಗಂಡುಮಕ್ಕಳ ನಡುವೆ ಜಮೀನು ನಾಲ್ಕು ಭಾಗವಾಗಿ ತಲಾ 60 ಗುಂಟೆ. ತಂದೆಯ 60 ಗುಂಟೆ ಐವರು ಮಕ್ಕಳಿಗೆ ತಲಾ 12 ಗುಂಟೆ. ಹೀಗೆ ಪ್ರತಿ ಸಹೋದರನಿಗೆ 72 ಗುಂಟೆ, ಪ್ರತಿ ಸಹೋದರಿಗೆ 12 ಗುಂಟೆ.

ಸಹೋದರಿಯರು ಮೇಲ್ಮನವಿ ಸಲ್ಲಿಸಿದ್ದಾರೆ. ತಡೆಯಾಜ್ಞೆ ದೊರೆತಿಲ್ಲ. 2018ರಲ್ಲಿ ಒಬ್ಬ ಕೊಬ್ಬರಿ ವರ್ತಕರು ಹಿರಿಯ ಸಹೋದರನಿಂದ ರಸ್ತೆ ಬದಿಯ 72 ಗುಂಟೆಯನ್ನು ಪೂರ್ಣ ಬೆಲೆ ಕೊಟ್ಟು ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡು, ಗೋದಾಮು ಕಟ್ಟಲು ಆರಂಭಿಸುತ್ತಾರೆ. ಅವರ ಸ್ಥಿತಿ ಎಷ್ಟರಮಟ್ಟಿಗೆ ಭದ್ರ? ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯಲ್ಲಿ ಇಡೀ ಕಾನೂನು ತಿಳಿಯುತ್ತದೆ.

ವಿಭಾಗದ ದಾವೆಯಲ್ಲಿ ಎರಡು ಹಂತ

ಪಾಲಿನ ದಾವೆ ಒಂದೇ ತೀರ್ಪಿನಲ್ಲಿ ಮುಗಿಯುವಂಥದ್ದಲ್ಲ. ಮೊದಲ ಹಂತದಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ನ್ಯಾಯಾಲಯ ಘೋಷಿಸುತ್ತದೆ. ಇದು ಪ್ರಾಥಮಿಕ ಡಿಕ್ರಿ. ಯಾವ ಭಾಗ ಯಾರಿಗೆ, ಬಾವಿ ಯಾರ ಪಾಲಿಗೆ, ರಸ್ತೆಯ ಮುಖ ಯಾರಿಗೆ ಎಂಬುದು ಈ ಹಂತದಲ್ಲಿ ತೀರ್ಮಾನವಾಗುವುದಿಲ್ಲ. ಎರಡನೆಯ ಹಂತದಲ್ಲಿ ಜಮೀನನ್ನು ಅಳೆದು, ಚೆಕ್ಕುಬಂದಿ ಗೊತ್ತುಪಡಿಸಿ, ಪ್ರತ್ಯೇಕ ಸ್ವಾಧೀನ ನೀಡುವ ಕ್ರಮ ನಡೆಯುತ್ತದೆ.

ಮನೆ, ನಿವೇಶನ ಮೊದಲಾದ ಸ್ವತ್ತುಗಳ ವಿಷಯದಲ್ಲಿ ನ್ಯಾಯಾಲಯ ಕಮಿಷನರರನ್ನು ನೇಮಿಸಿ, ವರದಿ ಪಡೆದು ಅಂತಿಮ ಡಿಕ್ರಿ ನೀಡುತ್ತದೆ. ಸರ್ಕಾರಕ್ಕೆ ಕಂದಾಯ ಸಲ್ಲಿಸುವ ಕೃಷಿ ಜಮೀನಿನ ವಿಷಯ ಬೇರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 18ನೇ ನಿಯಮ ಹಾಗೂ ಕಲಂ 54ರ ಪ್ರಕಾರ ಅಂಥ ಜಮೀನಿನ ವಿಭಾಗವನ್ನು ಜಿಲ್ಲಾಧಿಕಾರಿಯವರು ಅಥವಾ ಅವರು ನಿಯೋಜಿಸಿದ ಗೆಜೆಟೆಡ್ ದರ್ಜೆಯ ಅಧೀನ ಅಧಿಕಾರಿ ನೆರವೇರಿಸಬೇಕು; ಆದರೆ ಕರ್ನಾಟಕದಲ್ಲಿ ಕಲಂ 54ಕ್ಕೆ ಆಗಿರುವ ರಾಜ್ಯ ತಿದ್ದುಪಡಿಯಂತೆ ನ್ಯಾಯಾಲಯವೇ, ಅಗತ್ಯವಿದ್ದರೆ ತಹಶೀಲ್ದಾರರ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿಯ ಅಥವಾ ಕಮಿಷನರರ ವರದಿ ಪಡೆದು, ವಿಭಾಗ ಮಾಡುತ್ತದೆ. ಆದುದರಿಂದ ಕೃಷಿ ಜಮೀನಿನ ವಿಭಾಗ ನ್ಯಾಯಾಲಯ ಮತ್ತು ಕಂದಾಯ ಇಲಾಖೆ ಎರಡೂ ಕಡೆ ಸಂಚರಿಸಬಹುದಾದ ವಿಷಯವಾಗುತ್ತದೆ.

ಈ ಎರಡು ಹಂತಗಳ ನಡುವೆ ಹಲವು ವರ್ಷಗಳು ಕಳೆಯುವುದು ಅಪರೂಪವಲ್ಲ. ಅಂತಿಮ ಡಿಕ್ರಿಗಾಗಿ ಸಲ್ಲಿಸುವ ಅರ್ಜಿಗೆ ಕಾಲಮಿತಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಶುಭ್ ಕರಣ್ ಬುಬ್ನಾ ಪ್ರಕರಣದಲ್ಲಿ ತಿಳಿಸಿತು. ಕೇರಳದಿಂದ ಬಂದ ಮತ್ತೊಂದು ಪ್ರಕರಣದಲ್ಲಿ, ಪ್ರಾಥಮಿಕ ಡಿಕ್ರಿಯಾದ ಮೇಲೆ ಕಕ್ಷಿದಾರರ ಪ್ರತ್ಯೇಕ ಅರ್ಜಿಗಾಗಿ ಕಾಯದೆ ವಿಚಾರಣಾ ನ್ಯಾಯಾಲಯಗಳೇ ಅಂತಿಮ ಡಿಕ್ರಿಯ ಕ್ರಮವನ್ನು ಮುಂದುವರಿಸಬೇಕೆಂದು ಅದೇ ನ್ಯಾಯಾಲಯ 2022ರಲ್ಲಿ ನಿರ್ದೇಶಿಸಿತು. ತಡೆಯಾಜ್ಞೆಯ ಪ್ರಶ್ನೆ ಬಹುಮಟ್ಟಿಗೆ ಹುಟ್ಟುವುದು ಈ ನಡುವಿನ ಅವಧಿಯಲ್ಲಿಯೇ.

ಮೇಲ್ಮನವಿ ಎಂದರೆ ತಡೆಯಲ್ಲ

ಮೇಲ್ಮನವಿ ಸಲ್ಲಿಸಿದೊಡನೆ ಕೆಳ ನ್ಯಾಯಾಲಯದ ತೀರ್ಪು ತಾನಾಗಿಯೇ ನಿಂತುಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಮೇಲ್ಮನವಿ ನ್ಯಾಯಾಲಯ ಆದೇಶಿಸಿದಷ್ಟರ ಮಟ್ಟಿಗೆ ಮಾತ್ರ ಡಿಕ್ರಿಯ ಮುಂದಿನ ಕ್ರಮಗಳು ನಿಲ್ಲುತ್ತವೆ. ಪ್ರತ್ಯೇಕ ಅರ್ಜಿ ಸಲ್ಲಿಸಿ ತಡೆಯಾಜ್ಞೆ ಪಡೆಯದಿದ್ದರೆ ಅಳತೆ, ಹಂಚಿಕೆ, ಸ್ವಾಧೀನ ಎಲ್ಲವೂ ಮುಂದುವರಿಯಬಹುದು.

ತಡೆ ನೀಡುವ ಮುನ್ನ ನ್ಯಾಯಾಲಯಕ್ಕೆ ಮೂರು ಸಂಗತಿಗಳು ಮನವರಿಕೆಯಾಗಬೇಕೆಂದು ಅದೇ ನಿಯಮ ಹೇಳುತ್ತದೆ. ಒಂದು, ತಡೆ ನೀಡದಿದ್ದರೆ ಅರ್ಜಿದಾರರಿಗೆ ಗಣನೀಯ ನಷ್ಟವಾಗಬಹುದು. ಎರಡು, ಅರ್ಜಿಯನ್ನು ಅನುಚಿತ ವಿಳಂಬವಿಲ್ಲದೆ ಸಲ್ಲಿಸಲಾಗಿದೆ. ಮೂರು, ಅಂತಿಮವಾಗಿ ತಮ್ಮ ಮೇಲೆ ಬರಬಹುದಾದ ಹೊಣೆಗೆ ಅರ್ಜಿದಾರರು ಭದ್ರತೆ ಒದಗಿಸಿದ್ದಾರೆ. ಮೇಲ್ಮನವಿಯನ್ನೇ ಅವಧಿ ಮೀರಿ ಸಲ್ಲಿಸಿದ್ದರೆ, ವಿಳಂಬದ ಬಗ್ಗೆ ವಿಚಾರಣೆ ನಡೆಸಿ ಮೇಲ್ಮನವಿಯನ್ನು ಆಲಿಸಲು ತೀರ್ಮಾನಿಸುವವರೆಗೆ ಡಿಕ್ರಿಯ ಅಮಲ್ಜಾರಿಗೆ ತಡೆ ನೀಡುವಂತಿಲ್ಲ. ಡಿಕ್ರಿಯ ವಿರುದ್ಧ ಜಿಲ್ಲಾ ಮಟ್ಟದ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಉಚ್ಚ ನ್ಯಾಯಾಲಯಕ್ಕೆ 90 ದಿನ ಎಂದು 1963ರ ಕಾಲಮಿತಿ ಅಧಿನಿಯಮ ನಿಗದಿಪಡಿಸಿದೆ.

ಇಲ್ಲಿ ಮತ್ತೊಂದು ಎಚ್ಚರ ಅಗತ್ಯ. ಪ್ರಾಥಮಿಕ ಡಿಕ್ರಿಯ ವಿರುದ್ಧ ಮೇಲ್ಮನವಿ ಸಲ್ಲಿಸದೆ ಸುಮ್ಮನಿದ್ದವರು, ಅಂತಿಮ ಡಿಕ್ರಿಯ ವಿರುದ್ಧದ ಮೇಲ್ಮನವಿಯಲ್ಲಿ ಪಾಲಿನ ಪ್ರಮಾಣವನ್ನು ಪ್ರಶ್ನಿಸಲು ಕಲಂ 97 ಅವಕಾಶ ಕೊಡುವುದಿಲ್ಲ. ಹೀಗಾಗಿ ವ್ಯಾಜ್ಯದಲ್ಲಿರುವ ಕುಟುಂಬಗಳು ಮೊದಲ ಹಂತದಲ್ಲಿಯೇ ಮೇಲ್ಮನವಿಗೆ ಹೋಗುವುದು ಸಹಜ.

ತಡೆಯ ವಿವಿಧ ರೂಪಗಳು

ಜನರ ಬಾಯಲ್ಲಿ ಎಲ್ಲವೂ 'ಸ್ಟೇ' ಎನಿಸಿಕೊಂಡರೂ ಆದೇಶಗಳ ಸ್ವರೂಪ ಬೇರೆ ಬೇರೆ. ಆದೇಶದ ಪ್ರತಿಯನ್ನು ಓದದೆ ಅದರ ಪರಿಣಾಮವನ್ನು ಊಹಿಸಬಾರದು.

ಮೊದಲನೆಯದು ಅಂತಿಮ ಡಿಕ್ರಿಯ ಕ್ರಮಗಳಿಗೆ ಪೂರ್ಣ ತಡೆ. ಕಮಿಷನರರ ನೇಮಕ, ಅಳತೆ, ಹಂಚಿಕೆ ಎಲ್ಲವೂ ನಿಲ್ಲುತ್ತವೆ.

ಎರಡನೆಯದು ಭಾಗಶಃ ತಡೆ. ಅಳತೆ ಮತ್ತು ವರದಿಯ ಕೆಲಸ ನಡೆಯಲಿ, ಆದರೆ ಅಂತಿಮ ಡಿಕ್ರಿ ಬರೆಯಬಾರದು ಅಥವಾ ಸ್ವಾಧೀನ ನೀಡಬಾರದು ಎಂಬ ಬಗೆಯ ಆದೇಶ. ಸರ್ವೆಯವರು ಜಮೀನಿಗೆ ಬಂದು ಅಳೆದರೆಂಬ ಕಾರಣಕ್ಕೆ ತಡೆ ತೆರವಾಗಿದೆ ಎಂದು ಭಾವಿಸುವುದು ಈ ಸಂದರ್ಭದಲ್ಲಿ ತಪ್ಪಾಗುತ್ತದೆ.

ಮೂರನೆಯದು ಪರಭಾರೆಗೆ ನಿರ್ಬಂಧ. ಮಾರಾಟ, ಅಡಮಾನ, ಗುತ್ತಿಗೆ, ದಾನ ಮಾಡಬಾರದೆಂದು ಕಕ್ಷಿದಾರರಿಗೇ ನೀಡುವ ತಾತ್ಕಾಲಿಕ ನಿರ್ಬಂಧಕಾಜ್ಞೆ ಇದು. 39ನೇ ಆದೇಶದ 1 ಮತ್ತು 2ನೇ ನಿಯಮಗಳು ಇದಕ್ಕೆ ಆಧಾರ. ಮೇಲ್ನೋಟಕ್ಕೆ ಬಲವಾದ ಪ್ರಕರಣವಿದೆಯೇ, ಅನುಕೂಲ-ಅನನುಕೂಲಗಳ ತೂಕ ಯಾರ ಕಡೆಗಿದೆ, ತುಂಬಲಾಗದ ಹಾನಿ ಸಂಭವಿಸುತ್ತದೆಯೇ ಎಂಬ ಮೂರು ಅಂಶಗಳನ್ನು ನ್ಯಾಯಾಲಯ ಪರಿಶೀಲಿಸುತ್ತದೆ. ಎದುರು ಪಕ್ಷವನ್ನು ಆಲಿಸದೆ ನೀಡಿದ ಆಜ್ಞೆಯ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ನಿಯಮ 3ಎ ಹೇಳುತ್ತದೆ. ಆಜ್ಞೆ ಉಲ್ಲಂಘಿಸಿದವರ ಸ್ವತ್ತನ್ನು ಜಪ್ತಿ ಮಾಡಲು, 3 ತಿಂಗಳವರೆಗೆ ಸಿವಿಲ್ ಬಂಧನದಲ್ಲಿರಿಸಲು ನಿಯಮ 2ಎ ಅಧಿಕಾರ ನೀಡುತ್ತದೆ.

ನಾಲ್ಕನೆಯದು ಯಥಾಸ್ಥಿತಿ ಆದೇಶ. ಹೆಚ್ಚು ಗೊಂದಲಕ್ಕೆ ಎಡೆಮಾಡುವುದು ಇದೇ. ಯಥಾಸ್ಥಿತಿ ಸ್ವಾಧೀನಕ್ಕೆ ಸಂಬಂಧಿಸಿದ್ದೋ, ಕಟ್ಟಡದ ಸ್ವರೂಪಕ್ಕೋ, ಖಾತೆಗೋ, ಎಲ್ಲಕ್ಕೂ ಸೇರಿಯೋ ಎಂಬುದನ್ನು ಆದೇಶದ ಪದಗಳಿಂದಲೇ ತಿಳಿಯಬೇಕು. ಪದಗಳು ಅಸ್ಪಷ್ಟವಾಗಿದ್ದರೆ ಅದೇ ನ್ಯಾಯಾಲಯದಿಂದ ಸ್ಪಷ್ಟೀಕರಣ ಕೋರುವುದು ಕ್ಷೇಮ. ತಮಗೆ ಅನುಕೂಲವಾದ ಅರ್ಥವನ್ನು ಕಲ್ಪಿಸಿಕೊಂಡು ಗೋಡೆ ಎಬ್ಬಿಸುವುದು ನ್ಯಾಯಾಂಗ ನಿಂದನೆಯ ಆರೋಪಕ್ಕೆ ದಾರಿಯಾಗಬಹುದು.

ತಡೆ ಎಂಬುದು ತೀರ್ಪನ್ನು ಅಳಿಸುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ 1992ರಲ್ಲಿ ಈ ವ್ಯತ್ಯಾಸವನ್ನು ವಿವರಿಸಲಾಗಿದೆ. ಆದೇಶವೊಂದನ್ನು ರದ್ದುಪಡಿಸಿದರೆ ಅದಕ್ಕೂ ಹಿಂದಿನ ಸ್ಥಿತಿ ಮರಳುತ್ತದೆ. ತಡೆ ನೀಡಿದರೆ ಆ ಆದೇಶ ಅಸ್ತಿತ್ವದಲ್ಲಿಯೇ ಇದ್ದು, ತಡೆಯ ದಿನದಿಂದ ಮುಂದಕ್ಕೆ ಕಾರ್ಯರೂಪಕ್ಕೆ ಬರುವುದಿಲ್ಲ, ಅಷ್ಟೇ. ಆದ್ದರಿಂದ "ಹೈಕೋರ್ಟು ಸ್ಟೇ ಕೊಟ್ಟಿದೆ, ಕೆಳಗಿನ ತೀರ್ಪು ಬಿದ್ದುಹೋಯಿತು" ಎಂಬ ಮಾತನ್ನು ನಂಬಿ ವ್ಯವಹರಿಸಬಾರದು.

ತಡೆ ಯಾವಾಗಿನಿಂದ, ಎಲ್ಲಿಯವರೆಗೆ?

ಕಕ್ಷಿದಾರರನ್ನು ನಿರ್ಬಂಧಿಸುವ ಆಜ್ಞೆಗೂ, ಕೆಳ ನ್ಯಾಯಾಲಯದ ಕ್ರಮವನ್ನು ನಿಲ್ಲಿಸುವ ತಡೆಗೂ ಆರಂಭದ ಕ್ಷಣದಲ್ಲಿ ವ್ಯತ್ಯಾಸವಿದೆ. ಎರಡನೆಯದು ಆ ನ್ಯಾಯಾಲಯದ ಗಮನಕ್ಕೆ ಬಂದ ಮೇಲೆ ಪರಿಣಾಮಕಾರಿಯಾಗುತ್ತದೆ ಎಂದು 1967ರ ಮುಲ್‌ರಾಜ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 1976ರ ತಿದ್ದುಪಡಿಯ ಮೂಲಕ ಸಂಹಿತೆಯಲ್ಲಿಯೇ ಈ ಬಗ್ಗೆ ವಿವರಣೆ ಸೇರಿತು. ಆದೇಶದ ಪ್ರತಿ ತಲುಪುವವರೆಗೆ, ತಡೆ ದೊರೆತಿದೆ ಎಂದು ಮೇಲ್ಮನವಿದಾರರು ಸ್ವಂತ ಅರಿವಿನಿಂದ ಸಲ್ಲಿಸುವ ಪ್ರಮಾಣಪತ್ರವನ್ನು ಆಧರಿಸಿ ವಿಚಾರಣಾ ನ್ಯಾಯಾಲಯ ಕ್ರಮ ನಿಲ್ಲಿಸಬೇಕು. ಕೃಷಿ ಜಮೀನಿನ ವಿಭಾಗದಲ್ಲಿ ಕಂದಾಯ ಅಧಿಕಾರಿಗಳೂ ಪಾಲ್ಗೊಳ್ಳಬಹುದಾದ್ದರಿಂದ, ಪ್ರಮಾಣೀಕೃತ ಪ್ರತಿಯನ್ನು ತಹಶೀಲ್ದಾರರ ಕಚೇರಿಗೂ ಭೂದಾಖಲೆಗಳ ಕಚೇರಿಗೂ ತಡಮಾಡದೆ ತಲುಪಿಸಿ ಸ್ವೀಕೃತಿ ಪಡೆಯುವುದು ವಾಡಿಕೆ.

ಅವಧಿಯ ವಿಷಯದಲ್ಲಿ ಇತ್ತೀಚಿನ ಬದಲಾವಣೆಯೊಂದನ್ನು ತಿಳಿದಿರಬೇಕು. 2018ರ ಮಾರ್ಚ್ 28ರಂದು ಏಷ್ಯನ್ ರೀಸರ್ಫೇಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸಿವಿಲ್ ಮತ್ತು ಕ್ರಿಮಿನಲ್ ವಿಚಾರಣೆಗಳಿಗೆ ನೀಡಿದ ತಡೆಯನ್ನು ಸಕಾರಣವಾಗಿ ವಿಸ್ತರಿಸದಿದ್ದರೆ 6 ತಿಂಗಳಿಗೆ ಅದು ಕೊನೆಗೊಳ್ಳುತ್ತದೆ ಎಂದಿತ್ತು. 'ಆರು ತಿಂಗಳಾಯಿತು, ಸ್ಟೇ ಹೋಯಿತು' ಎಂಬ ಮಾತು ಪ್ರಚಾರಕ್ಕೆ ಬಂದದ್ದು ಆಗಲೇ. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ನಿಲುವನ್ನು ತಳ್ಳಿಹಾಕಿತು. ಕೇವಲ ಕಾಲ ಕಳೆದ ಮಾತ್ರಕ್ಕೆ ಉಚ್ಚ ನ್ಯಾಯಾಲಯದ ತಡೆ ತಾನಾಗಿ ಬಿದ್ದುಹೋಗುವುದಿಲ್ಲ. ಆದೇಶದಲ್ಲಿಯೇ 'ಮುಂದಿನ ವಿಚಾರಣಾ ದಿನಾಂಕದವರೆಗೆ' ಎಂದಿದ್ದರೆ ಅದು ವಿಸ್ತರಣೆಯಾಗಿದೆಯೇ ಎಂಬುದನ್ನು ದಿನಾಂಕವಾರು ಆದೇಶಗಳಿಂದ ಖಚಿತಪಡಿಸಿಕೊಳ್ಳಬೇಕು.

ತಡೆ ಇಲ್ಲದಿದ್ದರೂ ಇರುವ ತಡೆ

ಈಗ ಉದಾಹರಣೆಯ ಕೊಬ್ಬರಿ ವರ್ತಕರ ಬಳಿಗೆ ಮರಳಬಹುದು. ಅವರು ಕೊಂಡ ದಿನ ಯಾವ ತಡೆಯಾಜ್ಞೆಯೂ ಇರಲಿಲ್ಲ. ಆದರೂ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 52 ಅವರಿಗೆ ಅನ್ವಯಿಸುತ್ತದೆ. ಸ್ಥಿರಸ್ವತ್ತಿನ ಹಕ್ಕು ನೇರವಾಗಿ ಪ್ರಶ್ನೆಯಲ್ಲಿರುವ ದಾವೆ ನಡೆಯುತ್ತಿರುವಾಗ, ನ್ಯಾಯಾಲಯದ ಅನುಮತಿಯಿಲ್ಲದೆ ಕಕ್ಷಿದಾರರೊಬ್ಬರು ಮಾಡುವ ವರ್ಗಾವಣೆ ಇತರ ಕಕ್ಷಿದಾರರಿಗೆ ಡಿಕ್ರಿಯಿಂದ ದೊರೆಯುವ ಹಕ್ಕುಗಳಿಗೆ ಧಕ್ಕೆ ತರಲಾರದು. 'ನಡೆಯುತ್ತಿರುವಾಗ' ಎಂದರೆ ದಾವೆ ಸಲ್ಲಿಸಿದ ದಿನದಿಂದ ಅಂತಿಮ ಡಿಕ್ರಿ ಸಂಪೂರ್ಣವಾಗಿ ಜಾರಿಯಾಗುವವರೆಗೆ ಎಂದು ಆ ಕಲಮಿನ ವಿವರಣೆಯೇ ಹೇಳುತ್ತದೆ. ಮೇಲ್ಮನವಿಯ ಕಾಲವೂ ಇದರೊಳಗೆ ಸೇರುತ್ತದೆ. ಅಡಮಾನ, ಗುತ್ತಿಗೆಗಳಿಗೂ ಇದು ಅನ್ವಯ.

ಇದರರ್ಥ ಕ್ರಯಪತ್ರ ಶೂನ್ಯವೆಂದಲ್ಲ. ಮಾರಿದವರು ಮತ್ತು ಕೊಂಡವರ ನಡುವೆ ಅದು ಸಿಂಧು. ಆದರೆ ವ್ಯಾಜ್ಯದ ಕೊನೆಯಲ್ಲಿ ಮಾರಿದವರಿಗೆ ಎಷ್ಟು ದಕ್ಕುತ್ತದೋ ಕೊಂಡವರಿಗೆ ಅಷ್ಟೇ. ಕೊಂಡವರಿಗೆ ದಾವೆಯ ವಿಷಯ ತಿಳಿದಿರಲಿಲ್ಲ ಎಂಬ ವಾದ ನಡೆಯುವುದಿಲ್ಲ. ಸದ್ಭಾವನೆಯಿಂದ, ಪೂರ್ಣ ಬೆಲೆ ಕೊಟ್ಟು ಕೊಂಡವರಿಗೂ ಈ ನಿಯಮ ಅನ್ವಯಿಸುತ್ತದೆ ಎಂದು 2008ರ ಗುರುಸ್ವಾಮಿ ನಾಡಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ.

ಮಹಾರಾಷ್ಟ್ರ ಮತ್ತು ಗುಜರಾತಿನಲ್ಲಿ ದಾವೆಯ ಸೂಚನೆಯನ್ನು ನೋಂದಾಯಿಸಿದ್ದರೆ ಮಾತ್ರ ಈ ನಿಯಮ ಖರೀದಿದಾರರನ್ನು ಬಂಧಿಸುತ್ತದೆ. ಹಳೆಯ ಮೈಸೂರು ಭಾಗಕ್ಕೆ ಸೇರಿದ ಕಡೂರಿನಲ್ಲಿ ಅಂಥ ನೋಂದಣಿಯ ಕಡ್ಡಾಯವಿಲ್ಲ. ಆದ್ದರಿಂದ ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ದಾವೆಯ ಸುಳಿವು ಇಲ್ಲದಿರುವುದು ಸಾಧ್ಯ. ಇ.ಸಿ. ತೋರಿಸುವುದು ನೋಂದಾಯಿತ ವ್ಯವಹಾರಗಳನ್ನು ಮಾತ್ರ. ಖಾಲಿ ಇ.ಸಿ. ಎಂದರೆ ನಿರ್ವ್ಯಾಜ್ಯ ಸ್ವತ್ತು ಎಂದು ಭಾವಿಸುವುದೇ ಖರೀದಿದಾರರು ಮಾಡುವ ಮೊದಲ ತಪ್ಪು.

ಮೇಲ್ಮನವಿಯ ಕಾಲದಲ್ಲಿ ಪಾಲೇ ಬದಲಾದರೆ?

ಪ್ರಾಥಮಿಕ ಡಿಕ್ರಿಯಲ್ಲಿ ಹಿರಿಯ ಸಹೋದರನಿಗೆ 72 ಗುಂಟೆ ಎಂದಿತ್ತಲ್ಲ, ಅಷ್ಟಾದರೂ ಭದ್ರವಲ್ಲವೇ ಎಂಬ ಪ್ರಶ್ನೆ ಏಳಬಹುದು. ಕರ್ನಾಟಕದ್ದೇ ಆದ ಒಂದು ಪ್ರಸಿದ್ಧ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ.

ಪ್ರಕಾಶ್ ವಿರುದ್ಧ ಫುಲಾವತಿ ಎಂದು ಹೆಸರಾದ ಈ ವಿಭಾಗದ ದಾವೆ 1992ರಲ್ಲಿ ಬೆಳಗಾವಿಯ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಯಿತು. ತಂದೆ 1988ರಲ್ಲಿ ತೀರಿಕೊಂಡಿದ್ದರು. ದಾವೆ ನಡೆಯುತ್ತಿರುವಾಗಲೇ 2005ರ ಸೆಪ್ಟೆಂಬರ್ 9ರಂದು ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅಧಿನಿಯಮ ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಸ್ವತ್ತಿನಲ್ಲಿ ಸಮಾನ ಹಕ್ಕು ದೊರೆಯಿತು. ಮೇಲ್ಮನವಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಹೊಸ ಕಾನೂನಿನ ಲಾಭವನ್ನು ಮಗಳಿಗೆ ನೀಡಿತು. 2015ರ ಅಕ್ಟೋಬರ್ 16ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಿರಸ್ಕರಿಸಿ, ತಿದ್ದುಪಡಿ ಜಾರಿಯಾದ ದಿನ ತಂದೆ ಮತ್ತು ಮಗಳು ಇಬ್ಬರೂ ಜೀವಂತವಿರಬೇಕು ಎಂದಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನೂ ಬದಲಾಯಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂಬುದು ಇಂದಿನ ಕಾನೂನು.

ಇದೇ ತೀರ್ಪು ಪ್ರಾಥಮಿಕ ಡಿಕ್ರಿಯಾಗಿದ್ದರೂ ಮೇಲ್ಮನವಿಯಲ್ಲಿ ಅಥವಾ ಅಂತಿಮ ಡಿಕ್ರಿಯ ಕ್ರಮದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಬೇಕೆಂದು ಹೇಳಿತು. ಅಂತಿಮ ಡಿಕ್ರಿಯಾಗುವವರೆಗೆ ಪ್ರಾಥಮಿಕ ಡಿಕ್ರಿಯ ಪಾಲುಗಳನ್ನು ತಿದ್ದಬಹುದು ಎಂಬುದು 2011ರ ಗಂಡೂರಿ ಕೋಟೇಶ್ವರಮ್ಮ ಪ್ರಕರಣದಲ್ಲಿಯೂ ತೀರ್ಮಾನವಾಗಿತ್ತು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಪೂರ್ಣಗೊಂಡ ವಿಭಾಗಗಳಿಗೆ ಮಾತ್ರ ಈ ಕಾನೂನಿನಿಂದ ರಕ್ಷಣೆ ಇದೆ.

ಉದಾಹರಣೆಯ ಜಮೀನಿಗೆ ಇದನ್ನು ಅನ್ವಯಿಸಿದರೆ 240 ಗುಂಟೆ ಐವರಿಗೆ ಸಮನಾಗಿ ತಲಾ 48 ಗುಂಟೆ ಆಗುತ್ತದೆ. 72 ಗುಂಟೆಗೆ ಬೆಲೆ ತೆತ್ತ ವರ್ತಕರ ಕೈಯಲ್ಲಿ ಉಳಿಯಬಹುದಾದದ್ದು 48 ಗುಂಟೆ. 24 ಗುಂಟೆಯ ಹಣಕ್ಕಾಗಿ ಅವರು ಮಾರಿದವರ ಬೆನ್ನು ಹತ್ತಬೇಕು. ಉಳಿದ 48 ಗುಂಟೆಯೂ ರಸ್ತೆ ಬದಿಯಲ್ಲಿಯೇ ದೊರೆಯುತ್ತದೆ ಎಂಬ ಖಾತರಿಯಿಲ್ಲ. ಅವಿಭಕ್ತ ಪಾಲನ್ನು ಕೊಂಡವರಿಗೆ ವಿಭಾಗ ಕೋರುವ ಹಕ್ಕಿದೆಯೇ ಹೊರತು ನಿರ್ದಿಷ್ಟ ಭಾಗದ ಸ್ವಾಧೀನ ಪಡೆಯುವ ಹಕ್ಕಿಲ್ಲ ಎಂದು ಬಹಳ ಹಿಂದೆಯೇ ಮಾಣಿಕ್ಯಾಲ ರಾವ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಗೋದಾಮು ನಿಂತಿರುವ ಜಾಗ ಸಹೋದರಿಯೊಬ್ಬರ ಪಾಲಿಗೆ ಹೋಗಲೂಬಹುದು.

ಇಬ್ಬರು ಖರೀದಿದಾರರು, ಎರಡು ಪರಿಣಾಮಗಳು

ತಡೆ ಇಲ್ಲದಾಗ ಕೊಂಡವರಿಗೂ, ನಿರ್ಬಂಧವನ್ನು ಮೀರಿ ಕೊಂಡವರಿಗೂ ನ್ಯಾಯಾಲಯದ ದೃಷ್ಟಿ ಒಂದೇ ಆಗಿರುವುದಿಲ್ಲ. ದಾವೆ ಬಾಕಿ ಇರುವಾಗ ಕೊಂಡವರು ತಮ್ಮ ಹಿತ ಕಾಯ್ದುಕೊಳ್ಳಲು ಮೊಕದ್ದಮೆಯಲ್ಲಿ ಕಕ್ಷಿದಾರರಾಗಿ ಸೇರಲು ಅರ್ಜಿ ಸಲ್ಲಿಸಬಹುದೆಂದು 2005ರ ಅಮಿತ್ ಕುಮಾರ್ ಶಾ ಪ್ರಕರಣ ಹೇಳುತ್ತದೆ. ಮೇಲ್ಮನವಿಯ ಹಂತದಲ್ಲಿ 22ನೇ ಆದೇಶದ 10ನೇ ನಿಯಮ ಇದಕ್ಕೆ ಆಧಾರ. ಹಾಗೆ ಸೇರಿದವರು, ತಾವು ಕೊಂಡ ಭಾಗವನ್ನೇ ಸಾಧ್ಯವಾದಷ್ಟು ಮಾರಿದವರ ಪಾಲಿಗೆ ಹಂಚಬೇಕೆಂದು ಕೋರಿಕೊಳ್ಳಬಹುದು. ಅದನ್ನು ಒಪ್ಪುವುದು ಬಿಡುವುದು ಇತರ ಪಾಲುದಾರರಿಗೆ ಅನ್ಯಾಯವಾಗದಂತೆ ನ್ಯಾಯಾಲಯ ಬಳಸುವ ವಿವೇಚನೆಗೆ ಸೇರಿದ್ದು.

1995ರ ಸುರ್ಜಿತ್ ಸಿಂಗ್ ವಿರುದ್ಧ ಹರ್ಬನ್ಸ್ ಸಿಂಗ್ ಪ್ರಕರಣ ಇದಕ್ಕೆ ವಿರುದ್ಧವಾದ ಚಿತ್ರ. ಅದೂ ವಿಭಾಗದ ದಾವೆಯೇ. ಪ್ರಾಥಮಿಕ ಡಿಕ್ರಿಯ ನಂತರ ಯಾರೂ ಪರಭಾರೆ ಮಾಡಬಾರದೆಂದು ನ್ಯಾಯಾಲಯ ನಿರ್ಬಂಧಿಸಿತ್ತು. ಅದನ್ನು ಮೀರಿ ವರ್ಗಾವಣೆ ಪಡೆದವರು ಅಂತಿಮ ಡಿಕ್ರಿಯ ಕ್ರಮದಲ್ಲಿ ಕಕ್ಷಿದಾರರಾಗಲು ಬಯಸಿದಾಗ ಸರ್ವೋಚ್ಚ ನ್ಯಾಯಾಲಯ ಅವಕಾಶ ನಿರಾಕರಿಸಿತು. ನ್ಯಾಯಾಲಯದ ಆಜ್ಞೆಯನ್ನು ಧಿಕ್ಕರಿಸಿ ಪಡೆದ ಪತ್ರದ ಬಲದಿಂದ ಅದೇ ನ್ಯಾಯಾಲಯದ ನೆರವು ಕೇಳುವಂತಿಲ್ಲ ಎಂಬುದು ಇದರ ಸಾರ.

ಫಸಲು, ಖಾತೆ ಮತ್ತು ಸಾಲ

ಜಮೀನು ಕೊಳ್ಳದೆ ಕೇವಲ ತೋಟದ ಫಸಲನ್ನು ಹಿಡಿಯುವ ವರ್ತಕರಿಗೂ ಈ ವಿಷಯ ಸಂಬಂಧಿಸಿದ್ದು. ತಡೆಯ ಅವಧಿಯಲ್ಲಿ ತೆಂಗಿನ ಕಾಯಿ ಬಿಡುವುದು ನಿಲ್ಲುವುದಿಲ್ಲ. ಆದಾಯದ ಲೆಕ್ಕ ಇಡುವಂತೆ, ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡುವಂತೆ ಸ್ವಾಧೀನದಲ್ಲಿರುವವರಿಗೆ ನ್ಯಾಯಾಲಯ ಆದೇಶಿಸಬಹುದು. 40ನೇ ಆದೇಶದಡಿ ರಿಸೀವರರನ್ನೂ ನೇಮಿಸಬಹುದು. ರಿಸೀವರ್ ನೇಮಕವಾದ ಮೇಲೆ ಹಳೆಯ ಮಾಲೀಕರಿಗೆ ಕೊಟ್ಟ ಮುಂಗಡ ಅಪಾಯಕ್ಕೆ ಸಿಲುಕುತ್ತದೆ. ವ್ಯಾಜ್ಯದ ತೋಟಕ್ಕೆ ಹಲವು ವರ್ಷಗಳ ಮುಂಗಡ ಕೊಡದೆ, ಕೊಯ್ಲಿನಿಂದ ಕೊಯ್ಲಿಗೆ ರಸೀದಿ ಪಡೆದು ಹಣ ಪಾವತಿಸುವುದು ಲೇಸು.

ಪಹಣಿಯ ವಿಷಯದಲ್ಲಿಯೂ ಮಿತಿಗಳನ್ನು ಅರಿಯಬೇಕು. ನ್ಯಾಯಾಲಯದ ತಡೆಯನ್ನು ಕಂದಾಯ ಕಚೇರಿಗೆ ತಲುಪಿಸಿದ್ದರೆ ಅದು ಪಹಣಿಯ 11ನೇ ಕಾಲಂನಲ್ಲಿ ನಮೂದಾಗುತ್ತದೆ. ಯಾರೂ ತಲುಪಿಸದಿದ್ದರೆ ಕಾಲಂ ಖಾಲಿಯಾಗಿಯೇ ಇರುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಕಲಂ 133ರಂತೆ ಪಹಣಿಯ ನಮೂದು ವಿರುದ್ಧವಾಗಿ ಸಾಬೀತಾಗುವವರೆಗೆ ಮಾತ್ರ ಸರಿಯೆಂದು ಭಾವಿಸತಕ್ಕದ್ದು. ಹಕ್ಕಿನ ಅಂತಿಮ ತೀರ್ಮಾನ ಸಿವಿಲ್ ನ್ಯಾಯಾಲಯದ್ದು. ಪೋಡಿಯಾಗಿ ಹೊಸ ಹಿಸ್ಸಾ ನಂಬರ್ ಬಂದಿರುವುದು, ಕಲಂ 95ರಡಿ ಭೂಪರಿವರ್ತನೆ ಆಗಿರುವುದು, ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ ದೊರೆತಿರುವುದು ಇವು ಯಾವುವೂ ಬಾಕಿ ಇರುವ ಮೇಲ್ಮನವಿಯನ್ನು ಇಲ್ಲವಾಗಿಸಲಾರವು. ವ್ಯಾಜ್ಯದ ಜಮೀನಿನಲ್ಲಿ ಬಡಾವಣೆ ಮಾಡಿ ಮಾರಿದ ನಿವೇಶನಗಳಿಗೂ ಇದೇ ನಿಯಮ. ಒಂದು ಸರ್ವೆ ನಂಬರಿನ ಮೇಲಿನ ದಾವೆ ಅದರ ಪ್ರತಿಯೊಂದು ನಿವೇಶನವನ್ನೂ ಹಿಂಬಾಲಿಸುತ್ತದೆ.

ಖರೀದಿಗೆ ಮುನ್ನ ಪರಿಶೀಲಿಸಬೇಕಾದವು

1. ಮಾರುವವರ ವಂಶವೃಕ್ಷವನ್ನು ಪಡೆದು, ಹೆಣ್ಣುಮಕ್ಕಳ ಹೆಸರೂ ಸೇರಿದಂತೆ ಎಲ್ಲ ಹಕ್ಕುದಾರರನ್ನು ಗುರುತಿಸಬೇಕು. ಮದುವೆಯಾಗಿ ಹೋದವರು ಎಂಬ ಕಾರಣಕ್ಕೆ ಯಾರನ್ನೂ ಬಿಡಬಾರದು.

2. ಇ-ಕೋರ್ಟ್ಸ್ ಸೇವೆಯಲ್ಲಿ ಕುಟುಂಬದ ಪ್ರತಿಯೊಬ್ಬರ ಹೆಸರಿನಿಂದಲೂ ತಾಲ್ಲೂಕು, ಜಿಲ್ಲಾ ಮತ್ತು ಉಚ್ಚ ನ್ಯಾಯಾಲಯದ ಮೊಕದ್ದಮೆಗಳನ್ನು ಹುಡುಕಿಸಬೇಕು. ಚಿಕ್ಕಮಗಳೂರು ಜಿಲ್ಲೆಯ ಮೇಲ್ಮನವಿಗಳು ಉಚ್ಚ ನ್ಯಾಯಾಲಯದ ಬೆಂಗಳೂರು ಪ್ರಧಾನ ಪೀಠಕ್ಕೆ ಹೋಗುತ್ತವೆ. ಹೆಸರಿನ ಅಕ್ಷರಗಳು ದಾಖಲೆಯಿಂದ ದಾಖಲೆಗೆ ಬದಲಾಗುವುದರಿಂದ ಹಲವು ರೀತಿಯಲ್ಲಿ ಬರೆದು ನೋಡುವುದು ಅಗತ್ಯ.

3. ದಾವೆ ಮುಗಿದಿದೆ ಎಂದರೆ ಡಿಕ್ರಿಯ ಪ್ರಮಾಣೀಕೃತ ಪ್ರತಿ ನೋಡಬೇಕು. ಅದು ಪ್ರಾಥಮಿಕವೋ ಅಂತಿಮವೋ, ಮೇಲ್ಮನವಿಯ ಅವಧಿ ಕಳೆದಿದೆಯೋ ಎಂಬುದನ್ನು ವಕೀಲರಿಂದ ಲಿಖಿತವಾಗಿ ಪಡೆಯಬೇಕು.

4. ಇ.ಸಿ., ಪಹಣಿಯ 11ನೇ ಕಾಲಂ ಮತ್ತು ಮ್ಯುಟೇಷನ್ ದಾಖಲೆಗಳನ್ನು ಒಟ್ಟಾಗಿ ನೋಡಬೇಕು. ಯಾವುದೊಂದೂ ಇನ್ನೊಂದಕ್ಕೆ ಪರ್ಯಾಯವಲ್ಲ.

5. ವ್ಯಾಜ್ಯವಿದ್ದೂ ಖರೀದಿ ಅನಿವಾರ್ಯವಾದರೆ ಎಲ್ಲ ಪಾಲುದಾರರೂ ಸಹಿ ಹಾಕಬೇಕು. ರಾಜಿಯಾಗಿದ್ದರೆ ಅದನ್ನು ನ್ಯಾಯಾಲಯದಲ್ಲಿ ದಾಖಲಿಸಿ ರಾಜಿ ಡಿಕ್ರಿ ಪಡೆಯಬೇಕು. ಕಲಂ 52 ಸೂಚಿಸುವ ನ್ಯಾಯಾಲಯದ ಅನುಮತಿಯ ಮಾರ್ಗವೂ ತೆರೆದಿದೆ.

6. ಕರಾರಿನಲ್ಲಿ ಪಾಲು ಕಡಿಮೆಯಾದರೆ ಹಣ ಮರಳಿಸುವ ಷರತ್ತನ್ನು ಗುಂಟೆವಾರು ದರದೊಂದಿಗೆ ಬರೆಸಬೇಕು. ಇತ್ಯರ್ಥದವರೆಗೆ ಬೆಲೆಯ ಒಂದು ಭಾಗವನ್ನು ತಡೆಹಿಡಿಯುವುದು ಇನ್ನೂ ಉತ್ತಮ.

7. ಎದುರು ಪಕ್ಷದವರು ಏಕಾಏಕಿ ತಡೆ ತರಬಹುದೆಂಬ ಶಂಕೆಯಿದ್ದವರು ಕಲಂ 148ಎ ಅಡಿ ಕೇವಿಯಟ್ ಸಲ್ಲಿಸಬಹುದು. ಅದರ ಆಯುಷ್ಯ 90 ದಿನ. ಅವಧಿ ಮುಗಿದರೆ ಹೊಸದಾಗಿ ಸಲ್ಲಿಸಬೇಕು.

ಈಗಾಗಲೇ ಕೊಂಡವರು ಮಾಡಬೇಕಾದ್ದು

ಖರೀದಿಯ ನಂತರ ಮೇಲ್ಮನವಿಯ ವಿಷಯ ತಿಳಿದವರು ಕಾಯುತ್ತ ಕೂಡುವುದು ಹಾನಿಕರ. ಮಾರಿದವರು ಹಣ ಪಡೆದ ಮೇಲೆ ಮೊಕದ್ದಮೆಯನ್ನು ಶ್ರದ್ಧೆಯಿಂದ ನಡೆಸುತ್ತಾರೆಂಬ ಭರವಸೆಯಿಲ್ಲ. ಆದ್ದರಿಂದ ತಾವೇ ಕಕ್ಷಿದಾರರಾಗಿ ಸೇರಲು ಕೂಡಲೇ ಅರ್ಜಿ ಸಲ್ಲಿಸಬೇಕು. ಹೊಸ ಕಟ್ಟಡದ ಕೆಲಸವನ್ನು ಮುಂದೂಡುವುದು ವಿವೇಕದ ಹಾದಿ. ಮೇಲ್ಮನವಿಯಲ್ಲಿ ಡಿಕ್ರಿ ಬದಲಾದರೆ, ಹಳೆಯ ಡಿಕ್ರಿಯ ಬಲದಿಂದ ಪಡೆದದ್ದನ್ನು ಹಿಂದಿರುಗಿಸುವಂತೆ ಕಲಂ 144ರಡಿ ಆದೇಶವಾಗಬಹುದು. ಎಚ್ಚರಿಕೆ ಸಿಕ್ಕ ಮೇಲೂ ಕಟ್ಟಿದ ಗೋಡೆಗೆ ನ್ಯಾಯಾಲಯದ ಸಹಾನುಭೂತಿ ದೊರೆಯುವುದು ಕಷ್ಟ. ಆ ಜಮೀನನ್ನು ಬ್ಯಾಂಕಿಗೆ ಅಡಮಾನ ಮಾಡುವಾಗ ವ್ಯಾಜ್ಯವನ್ನು ಮರೆಮಾಚಿದರೆ ಸಾಲದ ವಿಷಯದಲ್ಲಿಯೂ ಹೊಸ ತೊಡಕು ಹುಟ್ಟುತ್ತದೆ.

ಮೇಲ್ಮನವಿಯ ಕಾಲದ ತಡೆಯನ್ನು ವರ್ತಕರು ಕೇವಲ ಅಡ್ಡಿಯೆಂದು ಕಾಣುವುದು ಸಹಜ. ಆದರೆ ತಡೆಯಾಜ್ಞೆ ಇರುವ ಜಮೀನಿನಲ್ಲಿ ಅಪಾಯ ಕಣ್ಣಿಗೆ ಕಾಣುವಂತಿರುತ್ತದೆ; ಯಾರೂ ಮುಂಗಡ ಕೊಡುವುದಿಲ್ಲ, ಯಾರೂ ಗೋದಾಮು ಕಟ್ಟುವುದಿಲ್ಲ. ತಡೆ ಇಲ್ಲದೆ ಮೇಲ್ಮನವಿ ಮಾತ್ರ ಇರುವ ಜಮೀನಿನಲ್ಲಿ ಅದೇ ಅಪಾಯ ಮರೆಯಲ್ಲಿರುತ್ತದೆ. ಉದಾಹರಣೆಯ ವರ್ತಕರು 24 ಗುಂಟೆಯ ಬೆಲೆ ತೆತ್ತದ್ದು 'ಸ್ಟೇ ಇದೆಯೇ' ಎಂದು ಕೇಳಿ, 'ದಾವೆ ಪೂರ್ತಿ ಮುಗಿದಿದೆಯೇ' ಎಂದು ಕೇಳದೆ ಹೋದುದಕ್ಕೆ. ಈ ಎರಡನೆಯ ಪ್ರಶ್ನೆಯನ್ನು ಕೇಳಲು ತಗಲುವ ವೆಚ್ಚ ವಕೀಲರ ಒಂದು ದಿನದ ಶುಲ್ಕಕ್ಕಿಂತ ಹೆಚ್ಚಿನದಲ್ಲ.